ಹೊಸ ಮನೆಗೆ ಯಾವ ನೀರಿನ ಫಿಲ್ಟರ್? ನಳದ ನೀರೂ ಇದೆ, ಬೋರ್ ನೀರೂ ಇದೆ

ಗೋಕುಲ ರೋಡ್ ಮನೆ, ಹುಬ್ಬಳ್ಳಿ

ನಮಸ್ಕಾರ ಎಲ್ಲರಿಗೂ. ಗೋಕುಲ ರೋಡ್ ಕಡೆ ಸ್ವಂತ ಮನೆಗೆ ಬಂದು ತಿಂಗಳಾಯಿತು. ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಸಣ್ಣವನಿಗೆ ಮೂರು ವರ್ಷ. ಸದ್ಯ ಕ್ಯಾನ್ ನೀರು ತರಿಸುತ್ತಿದ್ದೇವೆ, ಅದು ಬೇಡ ಅನಿಸಿದೆ. ನಳದ ನೀರು ದಿನಾ ಬರುವುದಿಲ್ಲ. ಬಂದಾಗ ಸಂಪ್ ತುಂಬಿಸುತ್ತೇವೆ, ಸಾಲದಿದ್ದರೆ ಬೋರ್ ನೀರನ್ನೂ ಅದೇ ಸಂಪ್‌ಗೆ ಬಿಡುತ್ತೇವೆ. ಬೋರ್ ನೀರು ಸವಳು. ಬೇಳೆ ಬೇಗ ಬೇಯುವುದಿಲ್ಲ, ಚಹಾಕ್ಕೆ ರುಚಿ ಇಲ್ಲ, ನಲ್ಲಿಯ ಬಾಯಿಗೆಲ್ಲ ಬಿಳಿ ಕಟ್ಟುತ್ತದೆ. ಲೀಟರ್ ನೀರಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ತಂದು ನೋಡಿದೆ. ನಳದ್ದು 190, ಬೋರ್ 1100 ಹತ್ತಿರ ತೋರಿಸಿತು.

ಮೊನ್ನೆ ಫಿಲ್ಟರ್ ಮಾರುವವರೊಬ್ಬರು ಮನೆಗೆ ಬಂದಿದ್ದರು. ಎರಡು ಗ್ಲಾಸು ಇಟ್ಟು, ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವರ ಮಷಿನ್ ನೀರು ಹಾಕಿ, ಕರೆಂಟಿನ ಕಂಬಿ ಇಳಿಬಿಟ್ಟರು. ನಮ್ಮ ನೀರು ಕೆಂಪು ಕಪ್ಪಾಗಿ ಕೆಸರಿನಂತಾಯಿತು, ಅವರದ್ದು ಹಾಗೇ ಇತ್ತು. ಅದನ್ನು ನೋಡಿದ ಮೇಲೆ ಅತ್ತೆ ನಳದ ನೀರು ಮುಟ್ಟಲೂ ಹೆದರುತ್ತಿದ್ದಾರೆ. ಆರ್‌ಒ, ಯುವಿ, ಯುಎಫ್, ತಾಮ್ರ, ಆಲ್ಕಲೈನ್ ಎಲ್ಲ ಇರುವ ಮಷಿನ್ ತಗೊಳ್ಳಿ ಅನ್ನುತ್ತಾರೆ ಆ ಮಾರುವವರು. ಧಾರವಾಡದಲ್ಲಿರುವ ಮೈದುನ ಬರೀ ಯುವಿ ಸಾಕು ಅನ್ನುತ್ತಾನೆ. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಸಪ್ತಾಪುರದವ, ಧಾರವಾಡ

ಅಕ್ಕಾ, ಮೊದಲು ಅತ್ತೆಯವರ ಹೆದರಿಕೆ ಬಿಡಿಸಿ. ಆ ಕಂಬಿಗಳಲ್ಲಿ ಕಬ್ಬಿಣ ಇರುತ್ತದೆ. ನೀರಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಆಗ ಕಬ್ಬಿಣವೇ ಕರಗಿ ಕೆಸರಿನಂತೆ ಕಾಣುತ್ತದೆ. ಬಣ್ಣ ಬಂದದ್ದು ಕಂಬಿಯಿಂದ, ನಿಮ್ಮ ನೀರಿನಿಂದಲ್ಲ. ಆರ್‌ಒ ಅಂದರೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆ ದಾಟಿಸಿ ಲವಣ ತೆಗೆಯುವುದು. ಆ ನೀರಲ್ಲಿ ಲವಣ ಕಡಿಮೆ, ಹಾಗಾಗಿ ಕರೆಂಟ್ ಹರಿಯುವುದೂ ಕಡಿಮೆ, ಅಷ್ಟೇ. ಅವರು ಮತ್ತೆ ಬಂದರೆ ಅವರ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಂಬಿ ಇಳಿಬಿಡಲು ಹೇಳಿ. ಅದೂ ಕೆಂಪಾಗುತ್ತದೆ. ವಯಸ್ಸಾದವರನ್ನು ಹೀಗೆ ಹೆದರಿಸಿ ವ್ಯಾಪಾರ ಮಾಡುವುದು ತಪ್ಪು.

ಈಗ ನಳದ ನೀರಿನ ವಿಷಯ. ಮಲಪ್ರಭೆಯ ನೀರು ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ ಬರುತ್ತದೆ, ಅಮ್ಮಿನಭಾವಿಯಲ್ಲಿ ಶುದ್ಧ ಮಾಡಿ ಊರಿಗೆ ಬಿಡುತ್ತಾರೆ. ಟಿಡಿಎಸ್ 190 ಅಂದರೆ ಒಳ್ಳೆಯ ನೀರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 500ರವರೆಗೆ ಆರಾಮಾಗಿ ಕುಡಿಯಬಹುದು. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಸುವುದನ್ನು ನಿಷೇಧಿಸಬೇಕು ಅಂತ 2019ರಲ್ಲಿ ಹಸಿರು ನ್ಯಾಯಮಂಡಳಿಯೇ ಹೇಳಿತ್ತು. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ನಳ ಯಾವಾಗ ಬಿಡುತ್ತಾರೋ ಅಂತ ಕಾಯುವ ಊರಲ್ಲಿ ಇದು ಸಣ್ಣ ಮಾತಲ್ಲ.

ನಳದ ನೀರಲ್ಲಿ ಭಯ ಪಡಬೇಕಾದದ್ದು ರೋಗಾಣುಗಳಿಗೆ. ನೀರು ನಿಂತ ದಿನಗಳಲ್ಲಿ ಪೈಪ್ ಖಾಲಿ ಇರುತ್ತದೆ. ಎಲ್ಲಾದರೂ ಸೋರುವ ಜಾಗ ಇದ್ದರೆ, ಪಕ್ಕದಲ್ಲಿ ಗಟಾರ ಇದ್ದರೆ, ಹೊಲಸು ಒಳಗೆ ಸೇರುತ್ತದೆ. ಮುಂದೆ ನಳ ಬಿಟ್ಟಾಗ ಮೊದಲು ಬರುವುದು ಅದೇ ನೀರು. ಆ ಮೊದಲ ನೀರನ್ನು ಸಂಪ್‌ಗೆ ಬಿಡಲೇಬೇಡಿ, ಅಂಗಳ ತೊಳೆಯಿರಿ. ಮೇಲಾಗಿ ಕ್ಲೋರಿನ್ ಹಾಕಿದ ನೀರಾದರೂ ಸಂಪ್‌ನಲ್ಲಿ ದಿನಗಟ್ಟಲೆ ನಿಂತರೆ ಕ್ಲೋರಿನ್ ಹಾರಿಹೋಗುತ್ತದೆ. ಇದಕ್ಕೆಲ್ಲ ಸರಿಯಾದ ಉತ್ತರ ಯುವಿ ಮತ್ತು ಯುಎಫ್ ಎರಡೂ ಇರುವ ಫಿಲ್ಟರ್. ಯುವಿ ರೋಗಾಣು ಸಾಯಿಸುತ್ತದೆ, ಯುಎಫ್ ಜರಡಿ ಹಿಡಿದ ಹಾಗೆ ತಡೆಯುತ್ತದೆ. ನೀರು ರಾಡಿ ಇದ್ದರೆ ಯುವಿ ಬೆಳಕು ಪೂರ್ತಿ ತಾಗುವುದಿಲ್ಲ, ಅದಕ್ಕೇ ಮುಂದೆ ಮಣ್ಣು, ಕಸ ಸೋಸುವ ಒಂದು ಸೆಡಿಮೆಂಟ್ ಫಿಲ್ಟರ್ ಇರಲೇಬೇಕು. ತಾಮ್ರ, ಆಲ್ಕಲೈನ್ ಎಲ್ಲ ನನ್ನ ಪ್ರಕಾರ ಬಿಲ್ ಏರಿಸಲು ಇವೆ.

ರಾಣೆಬೆನ್ನೂರು ಅಕ್ಕ

ನಾವು ಮಷಿನ್ ಇಟ್ಟಿಲ್ಲ. ನೀರು ಸೋಸಿ, ಚೆನ್ನಾಗಿ ಕುದಿಸಿ, ಸ್ಟೀಲ್ ಕೊಡದಲ್ಲಿ ಮುಚ್ಚಿಡುತ್ತೇವೆ. ರೋಗಾಣುಗಳಿಗೆ ಇದಕ್ಕಿಂತ ಗಟ್ಟಿ ಉಪಾಯ ಯಾವುದಿದೆ? ಕರೆಂಟ್ ಹೋದರೂ ನಡೆಯುತ್ತದೆ, ಸರ್ವಿಸ್‌ನವರಿಗೆ ಫೋನ್ ಮಾಡಿ ಮಾಡಿ ಕಾಯುವುದೂ ಬೇಡ. ಆರು ಜನರಿಗೆ ಗ್ಯಾಸ್ ಜಾಸ್ತಿ ಬೇಕು, ಅದು ಒಪ್ಪುತ್ತೇನೆ.

ಮುಂಡರಗಿ ಮೇಷ್ಟ್ರು

ಅಕ್ಕಾರೆ, ನೀವು ಹೇಳಿದ್ದು ನದಿ ನೀರಿಗೆ ಸರಿ. ಬೋರ್ ನೀರಿಗೆ ದಯವಿಟ್ಟು ಹಾಗೆ ಹೇಳಬೇಡಿ. ನಮ್ಮ ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಶಾಲೆಯಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟಿ ಕಾಣುತ್ತದೆ, ಕೆಲವರು ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. ವರ್ಷಗಟ್ಟಲೆ ಕುಡಿದ ದೊಡ್ಡವರಿಗೆ ಮೂಳೆ ಸಂದು ಹಿಡಿದು ಬಗ್ಗುವುದೇ ಕಷ್ಟವಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟು ಅದು ಇನ್ನೂ ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ, ಯುಎಫ್ ಯಾವುದಕ್ಕೂ ಅದು ಸಿಗುವುದಿಲ್ಲ. ಆರ್‌ಒ ತೆಗೆಯುತ್ತದೆ, ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಹರಳು ತುಂಬಿದ ಫಿಲ್ಟರ್ ತೆಗೆಯುತ್ತದೆ.

ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದು ಕರಗಿದ ಲವಣದ ಒಟ್ಟು ಲೆಕ್ಕ ತೋರಿಸುತ್ತದೆ ಅಷ್ಟೇ. ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇವೆಯೋ ಇಲ್ಲವೋ ಹೇಳುವುದಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಸಣ್ಣ ಮಕ್ಕಳಿಗೆ ಒಳಗೆ ಹಲ್ಲು ಬೆಳೆಯುತ್ತಿರುವ ವಯಸ್ಸು, ನಿಮ್ಮ ಮೂರು ವರ್ಷದವನ ಸಲುವಾಗಿಯಾದರೂ ಬೋರ್ ನೀರು ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ಆರ್‌ಒ ಮಷಿನ್‌ನಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ತಿರುಪು ಇರುತ್ತದೆ. ರುಚಿಗಾಗಿ ಅದು ಆರ್‌ಒ ಪೊರೆ ದಾಟದ ನೀರನ್ನು ಸ್ವಲ್ಪ ಶುದ್ಧ ನೀರಿಗೆ ಬೆರೆಸುತ್ತದೆ. ಫ್ಲೋರೈಡ್ ಇರುವ ಊರಲ್ಲಿ ಅದನ್ನು ತೆರೆದಿಟ್ಟರೆ ತೆಗೆದ ವಿಷವನ್ನೇ ಮತ್ತೆ ಸೇರಿಸಿದಂತೆ. ಮಷಿನ್ ಕೂರಿಸುವವರಿಗೆ ಎದುರಿಗೆ ನಿಂತು ಹೇಳಿ, ಪೂರ್ತಿ ಮುಚ್ಚಿಸಿ.

ಪ್ಲಂಬಿಂಗ್ ಕೆಲಸ, ಹಳೇ ಹುಬ್ಬಳ್ಳಿ

ಎಲ್ಲರೂ ಮಷಿನ್ ಬಗ್ಗೆ ಹೇಳಿದ್ದೀರಿ, ನಾನು ಪೈಪಿನ ಬಗ್ಗೆ ಹೇಳುತ್ತೇನೆ. ಮೇಡಂ, ನಿಮ್ಮ ತೊಂದರೆ ಶುರುವಾಗುವುದು ಸಂಪ್‌ನಲ್ಲಿ. 190ರ ಒಳ್ಳೆ ನೀರಿಗೆ 1100ರ ಸವಳು ನೀರು ಬೆರೆಸಿ, ಆಮೇಲೆ ದುಡ್ಡು ಕೊಟ್ಟು ಬೇರೆ ಮಾಡುವುದು ಯಾಕೆ? ಸ್ವಂತ ಮನೆ ಅಲ್ವಾ, ನಳದ ನೀರಿಗೆ ಮಾಳಿಗೆ ಮೇಲೆ ಬೇರೆ ಸಣ್ಣ ಟ್ಯಾಂಕ್ ಇಡಿಸಿ. 500 ಲೀಟರ್ ಸಾಕು. ಕುಡಿಯಲು ಅಡುಗೆಗೆ ಆರು ಜನರಿಗೆ ದಿನಕ್ಕೆ 30, 40 ಲೀಟರ್ ಹಿಡಿದರೂ ಹತ್ತು ದಿನ ದಾಟುತ್ತದೆ. ಆ ಟ್ಯಾಂಕಿನಿಂದ ಅಡುಗೆಮನೆಗೆ ಒಂದೇ ಲೈನ್. ಬೋರ್ ನೀರು ಸ್ನಾನಕ್ಕೆ, ಬಟ್ಟೆಗೆ, ಪಾಯಖಾನೆಗೆ. ನಳ ಬಂದಾಗ ಅಣ್ಣಾರು ಹೇಳಿದಂತೆ ಮೊದಲ ನೀರು ಹೊರಗೆ ಬಿಟ್ಟು, ಆಮೇಲೆ ಮೊದಲು ಈ ಟ್ಯಾಂಕ್ ತುಂಬಿಸಿ, ಉಳಿದದ್ದು ಸಂಪ್‌ಗೆ.

ಹಾಗೆ ಮಾಡಿದರೆ ಸಪ್ತಾಪುರದ ಅಣ್ಣಾರು ಹೇಳಿದ ಯುವಿ, ಯುಎಫ್ ಸಾಕು. ಬೇಳೆಯೂ ಬೇಯುತ್ತದೆ, ಅಡುಗೆಗೆ ಆ ಮಷಿನ್ ನೀರೇ ಬೇಕು ಅಂತಿಲ್ಲ, ಕುದಿಯುತ್ತದಲ್ಲ. ಪೈಪ್, ಟ್ಯಾಂಕ್, ಕೂಲಿ ಸೇರಿದರೂ ದೊಡ್ಡ ಆರ್‌ಒ ಮಷಿನ್‌ನಷ್ಟು ಆಗಲಿಕ್ಕಿಲ್ಲ, ಆದರೂ ಇಬ್ಬರ ಹತ್ತಿರ ರೇಟ್ ಕೇಳಿ. ಟ್ಯಾಂಕಿನ ಮುಚ್ಚಳ ಗಟ್ಟಿ ಇರಲಿ.

ಗೋಕುಲ ರೋಡ್ ಮನೆ, ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ಉಪ್ಪಿನ ಮಾತು ಅತ್ತೆಗೆ ಓದಿ ಹೇಳಿದೆ, ಅವರಿಗೆ ಸಮಾಧಾನ ಆಯಿತು. ಬೇರೆ ಟ್ಯಾಂಕ್ ಇಡಿಸುವುದು ಅಂತ ನಿರ್ಧಾರ ಮಾಡಿದೆವು. ಎರಡು ಪ್ರಶ್ನೆ ಉಳಿದಿವೆ. ಬೇಸಿಗೆಯಲ್ಲಿ ನಳ ಬಹಳ ತಡವಾಗಿ ಬಂದು ಆ ಟ್ಯಾಂಕೂ ಖಾಲಿಯಾದರೆ ಬೋರ್ ನೀರು ಕುಡಿಯಬಹುದಾ? ನೀರು ಪರೀಕ್ಷೆ ಎಲ್ಲಿ ಮಾಡಿಸಬೇಕು?

ಮುಂಡರಗಿ ಮೇಷ್ಟ್ರು

ಪರೀಕ್ಷೆಯ ವರದಿ ಬರುವವರೆಗೆ ಬೋರ್ ನೀರು ಬೇಡ, ಕ್ಯಾನ್ ತರಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೇಳಿ. ಜಲಜೀವನ ಮಿಷನ್ ಬಂದ ಮೇಲೆ ಈ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಸಣ್ಣ ಶುಲ್ಕ ಕೊಟ್ಟು ಮಾಡಿಸಬಹುದು. ಫ್ಲೋರೈಡ್, ನೈಟ್ರೇಟ್, ಗಡಸುತನ, ರೋಗಾಣು, ಈ ನಾಲ್ಕು ಬೇಕು ಅಂತ ಬಾಯಿಬಿಟ್ಟು ಹೇಳಿ. ಬೋರ್ ಐದು ನಿಮಿಷ ಓಡಿಸಿ ಆಮೇಲೆ ಸ್ವಚ್ಛ ಬಾಟಲಿಗೆ ಹಿಡಿಯಿರಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿಯಲ್ಲೇ ಹಿಡಿದು ಅದೇ ದಿನ ಮುಟ್ಟಿಸಿ. ಫ್ಲೋರೈಡ್ ಜಾಸ್ತಿ ಬಂದರೆ ಇಲ್ಲಿ ಬರೆಯಿರಿ, ಮುಂದಿನದ್ದು ಆಗ ನೋಡೋಣ.

ಪ್ಲಂಬಿಂಗ್ ಕೆಲಸ, ಹಳೇ ಹುಬ್ಬಳ್ಳಿ

ಮೇಡಂ, ಫಿಲ್ಟರ್ ತಗೊಳ್ಳುವ ಮೊದಲು ಅದರ ಕಾರ್ಟ್ರಿಜ್ ಮತ್ತು ಯುವಿ ದೀಪ ಹುಬ್ಬಳ್ಳಿಯ ಅಂಗಡಿಗಳಲ್ಲೇ ಸಿಗುತ್ತವಾ, ಎಷ್ಟು ಬೆಲೆ ಅಂತ ವಿಚಾರಿಸಿ. ಯುವಿ ದೀಪ ಉರಿಯುತ್ತಿದ್ದರೂ ವರ್ಷದ ಮೇಲೆ ಅದರ ಶಕ್ತಿ ಕುಗ್ಗಿರುತ್ತದೆ, ಕಂಪನಿ ಹೇಳಿದ ಅವಧಿಗೆ ಬದಲಿಸಲೇಬೇಕು. ಟ್ಯಾಂಕ್ ಅಡುಗೆಮನೆಯ ನೆತ್ತಿಯ ಮೇಲೇ ಇದ್ದರೆ ಪ್ರೆಶರ್ ಸಾಲದೆ ಯುವಿ ಮಷಿನ್‌ಗೆ ನೀರು ಸರಿಯಾಗಿ ಬರದೇ ಇರಬಹುದು. ಇಟ್ಟಿಗೆ ಕಟ್ಟೆ ಕಟ್ಟಿಸಿ ಎತ್ತರಕ್ಕೆ ಇಡಿಸಿ, ಇಲ್ಲವೇ ಒಳಗೇ ಪಂಪ್ ಇರುವ ಮಾಡೆಲ್ ಕೇಳಿ.