ಗಮನ ಕೊಡುವುದು, ಗಮನ ಸೆಳೆಯುವುದು: ಎರಡಕ್ಕೂ ಹೆಸರು ಬೇಕು

ಗೆಳೆಯರೇ,

ಇಇಜಿ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು, ಮಿದುಳಿನ ವಿದ್ಯುತ್ತನ್ನು ಅಳೆದು, ಮನಸ್ಸು ಯಾವಾಗ ಯಾವ ಕಡೆ ತಿರುಗಿತು ಅಂತ ತಿಳಿಯುವ ವಿಷಯ. ‘ಅಟೆನ್ಶನ್’ಗೆ ಕನ್ನಡದಲ್ಲಿ ಏನು ಬರೆಯುವುದು ಅಂತ ಸಿಕ್ಕಿಹಾಕಿಕೊಂಡಿದ್ದೇನೆ.

‘ಅವಧಾನ’ ಪಠ್ಯಪುಸ್ತಕದಲ್ಲಿದೆ, ಮಕ್ಕಳ ಬಾಯಲ್ಲಿಲ್ಲ. ‘ಗಮನ’ ಎಲ್ಲರಿಗೂ ಗೊತ್ತು. ಆದರೆ ನಾವು ಗಮನ ಕೊಡುತ್ತೇವೆ, ಶಬ್ದವೊಂದು ನಮ್ಮ ಗಮನ ಸೆಳೆಯುತ್ತದೆ. ಕೊಡುವುದು ನಮ್ಮ ಕೈಲಿದೆ, ಸೆಳೆತ ನಮ್ಮ ಕೈಲಿಲ್ಲ. ಎರಡೂ ಬೇರೆ ಅಲ್ವಾ?

ಮಿದುಳಿನಲ್ಲೂ ಬೇರೆಯೇ. ಒಬ್ಬರು ಎಲೆಕ್ಟ್ರೋಡ್ ಟೋಪಿ ಹಾಕಿಕೊಂಡು ಕೂತಿದ್ದಾರೆ ಅಂದುಕೊಳ್ಳಿ. ಕಿವಿಗೆ ಒಂದೇ ಥರದ ಬೀಪ್ ಕೇಳಿಸುತ್ತಿದೆ. ಅಪರೂಪಕ್ಕೊಮ್ಮೆ ಏರುದನಿಯ ಬೀಪ್. ಅದನ್ನು ಮಾತ್ರ ಎಣಿಸಬೇಕು. ಅದು ಬಂದ ಸುಮಾರು 300 ಮಿಲಿಸೆಕೆಂಡಿಗೆ ಇಇಜಿ ಗೆರೆಯಲ್ಲಿ ಒಂದು ಉಬ್ಬು. ಇದೇ 1965ರಲ್ಲಿ ವರದಿಯಾದ ಪಿ300. ತಲೆಯ ಹಿಂಭಾಗದ ಕಡೆ ಜಾಸ್ತಿ ಕಾಣುತ್ತದೆ. ನಡುವೆ ಹೇಳದೆ ಕೇಳದೆ ನಾಯಿ ಬೊಗಳಿದ ಸದ್ದು ಹಾಕಿದರೆ ಇನ್ನೊಂದು ಉಬ್ಬು, ಸ್ವಲ್ಪ ಬೇಗ, ಮುಂಭಾಗದ ಕಡೆ. ಎಣಿಸಿದ ಬೀಪಿನ ಉಬ್ಬಿಗೆ ವಿಜ್ಞಾನಿಗಳು ಪಿ3ಬಿ, ಬೊಗಳಿದ ಸದ್ದಿನ ಉಬ್ಬಿಗೆ ಪಿ3ಎ ಅನ್ನುತ್ತಾರೆ. (ಉಬ್ಬು ಕೆಲವೇ ಮೈಕ್ರೋವೋಲ್ಟ್‌ನದು. ಹತ್ತಾರು ಸಲ ಕೇಳಿಸಿ ಸರಾಸರಿ ತೆಗೆದರಷ್ಟೇ ಸರಿಯಾಗಿ ಕಾಣುತ್ತದೆ.)

ನಮ್ಮ ದಿನದ ಮಾತಿನ ಎರಡು ಕ್ರಿಯಾಪದಗಳೇ ಈ ವ್ಯತ್ಯಾಸವನ್ನು ಹಿಡಿದಿಟ್ಟಿವೆ. ಅದು ನನಗೆ ತುಂಬ ಖುಷಿ ಕೊಟ್ಟಿತು. ಆದರೆ ಹೆಸರು ಮಾಡಲು ಹೋದರೆ ತೊಡಕು. ‘ಕೊಟ್ಟ ಗಮನ’ ಪರವಾಗಿಲ್ಲ. ‘ಸೆಳೆದ ಗಮನ’ ಅಂದರೆ ಗಮನವೇ ಏನನ್ನೋ ಸೆಳೆಯಿತು ಅನ್ನಿಸುತ್ತದೆ. ‘ಐಚ್ಛಿಕ’, ‘ಅನೈಚ್ಛಿಕ’ ಅಂದರೆ ಮತ್ತೆ ಪಠ್ಯಪುಸ್ತಕಕ್ಕೇ ಹೋದ ಹಾಗೆ. ಸದ್ಯಕ್ಕೆ ‘ಕೊಡುಗಮನ’, ‘ಸೆಳೆಗಮನ’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಒಗ್ಗುತ್ತದೆಯೇ?

ಇನ್ನೊಂದು, ‘ಸಿಗ್ನಲ್’. ಎಲ್ಲರೂ ‘ಸಂಕೇತ’ ಅಂತ ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸಂಕೇತ ಅಂದರೆ ಒಬ್ಬರು ಇನ್ನೊಬ್ಬರಿಗೆ ಬೇಕೆಂದೇ ಮಾಡುವ ಸನ್ನೆ. ಇಲ್ಲಿ ಮಿದುಳು ನಮಗೇನೂ ಹೇಳುತ್ತಿಲ್ಲ. ಲೆಕ್ಕವಿಲ್ಲದಷ್ಟು ನರಕೋಶಗಳು ಒಟ್ಟಿಗೆ ಕೆಲಸ ಮಾಡುವಾಗ ಆಗುವ ವಿದ್ಯುತ್ತಿನ ಏರಿಳಿತ ಬುರುಡೆ ದಾಟಿ ಬರುತ್ತದೆ, ಅಷ್ಟೇ. ‘ಮಿದುಳಿನ ಸಂಕೇತ ಓದುತ್ತಾರೆ’ ಅಂತ ಕಂಡರೆ ಮಗು ಮನಸ್ಸಿನ ಮಾತನ್ನೇ ಓದುತ್ತಾರೆ ಅಂದುಕೊಳ್ಳುತ್ತದೆ. ಹಾಗಾಗಿ ‘ವಿದ್ಯುತ್ ಏರಿಳಿತ’ ಅಂತಲೇ ಬರೆದಿದ್ದೇನೆ.

ಬೇರೆ ಪದ ಹೊಳೆದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ. ಬಿಡಿ ಪದಕ್ಕಿಂತ ಅದೇ ನನಗೆ ಜಾಸ್ತಿ ಉಪಯೋಗ.