ಇಸಿಎಂ ‘ಪೆಟ್ರೋಲ್ ಸಾಲದು’ ಎನ್ನುತ್ತದೆ, ಹೊಗೆ ಯಂತ್ರ ‘ಪೆಟ್ರೋಲ್ ಹೆಚ್ಚಾಗಿದೆ’ ಎನ್ನುತ್ತದೆ: ಯಾವುದನ್ನು ನಂಬಲಿ?

ಪ್ರಶ್ನೆ, ಧಾರವಾಡದಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2020ರ ಬಿಎಸ್6 ಹ್ಯಾಚ್‌ಬ್ಯಾಕ್. 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಇದುವರೆಗೆ ಓಡಿದ್ದು 61,000 ಕಿಲೋಮೀಟರ್. ದಿನವೂ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರುವ ಗಾಡಿ ಇದು. ಎರಡು ತಿಂಗಳ ಹಿಂದೆ ಚೆಕ್ ಎಂಜಿನ್ ದೀಪ ಹತ್ತಿತು. ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ನೋಡಿದಾಗ ಪಿ0171 ಎಂಬ ಒಂದೇ ಕೋಡ್ ಸಿಕ್ಕಿತು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ ಪ್ರಕಾರ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಅದೇ ವಾರ ಪಿಯುಸಿ ಅವಧಿ ಮುಗಿದಿದ್ದರಿಂದ ಹೊಗೆ ತಪಾಸಣೆಗೆ ಹೋದೆ. ಅಲ್ಲಿ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.71 ಬಂದು ಗಾಡಿ ನಪಾಸಾಯಿತು. ಪೆಟ್ರೋಲ್ ಹೆಚ್ಚಾಗಿ ಸರಿಯಾಗಿ ಉರಿಯದಿದ್ದಾಗ ಮಾತ್ರ ಕಾರ್ಬನ್ ಮೊನಾಕ್ಸೈಡ್ ಇಷ್ಟು ಏರುತ್ತದೆ ಎಂದು ಓದಿದ್ದೇನೆ. ಒಂದೇ ಎಂಜಿನ್ನಿನಲ್ಲಿ ಒಂದೇ ಹೊತ್ತಿಗೆ ಪೆಟ್ರೋಲ್ ಕಡಿಮೆಯೂ ಹೆಚ್ಚೂ ಆಗುವುದು ಹೇಗೆ ಎಂಬುದು ನನಗೆ ತಿಳಿಯುತ್ತಿಲ್ಲ.

ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್‌ಗಳು ಮತ್ತು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಮುಂದಿನ ಆಕ್ಸಿಜನ್ ಸೆನ್ಸರ್ ಬದಲಾದವು. ಥ್ರಾಟಲ್ ಬಾಡಿಯೂ ಸ್ವಚ್ಛವಾಯಿತು. ಎಂಜಿನ್ ಶುರು ಮಾಡದೆ ಕೀ ಆನ್ ಮಾಡಿ ನೋಡಿದಾಗ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 94 ಕಿಲೋಪ್ಯಾಸ್ಕಲ್ ತೋರಿಸುತ್ತಿತ್ತು. 101 ಇರಬೇಕಾಗಿತ್ತೆಂದು ಅದನ್ನೂ ಬದಲಿಸಿದರು. ಹೊಸ ಸೆನ್ಸರೂ 94 ತೋರಿಸುತ್ತಿದೆ. ಕೊನೆಗೆ ‘ಕನ್ವರ್ಟರ್ ಹೋಗೇತ್ರಿ ಸರ, ಅದನ್ನ ಬದ್ಲಿ ಮಾಡೂದೊಂದ ಬಾಕಿ’ ಎಂದು ಹೊಗೆ ಶುದ್ಧಗೊಳಿಸುವ ಆ ಕನ್ವರ್ಟರಿಗೆ 38,000 ರೂಪಾಯಿಯ ಅಂದಾಜು ಕೊಟ್ಟಿದ್ದಾರೆ. ಪಿಕಪ್ ಸ್ವಲ್ಪ ಮಂದವಾಗಿದೆ, ಲೀಟರಿಗೆ 16 ಕೊಡುತ್ತಿದ್ದ ಗಾಡಿ ಈಗ 13ರ ಆಸುಪಾಸು ಕೊಡುತ್ತಿದೆ. ಕನ್ವರ್ಟರ್ ಹಾಕಿಸಬೇಕೇ?

ಉತ್ತರ, ಹುಬ್ಬಳ್ಳಿಯಿಂದ

ಸರ್, ಸದ್ಯಕ್ಕೆ ಹಾಕಿಸಬೇಡಿ. ಕನ್ವರ್ಟರಿನ ದಕ್ಷತೆ ಕುಸಿದರೆ ಇಸಿಎಂ ಅದಕ್ಕೆಂದೇ ಇರುವ ಪಿ0420 ಕೋಡನ್ನು ಎತ್ತುತ್ತದೆ, ನಿಮ್ಮಲ್ಲಿ ಅದು ಬಂದೇ ಇಲ್ಲ.

ಮ್ಯಾಪ್ ಸೆನ್ಸರಿನ ವಿಷಯದಲ್ಲಿ ನಿಮ್ಮ ಹಣ ಸುಮ್ಮನೆ ಹೋಗಿದೆ ಎಂದು ಹೇಳದೆ ವಿಧಿಯಿಲ್ಲ. 101 ಕಿಲೋಪ್ಯಾಸ್ಕಲ್ ಎಂಬುದು ಸಮುದ್ರಮಟ್ಟದ ಗಾಳಿಯ ಒತ್ತಡ. ಕಾರವಾರದ ದಂಡೆಯಲ್ಲಿ ನಿಂತ ಗಾಡಿ ಆ ಅಂಕಿ ತೋರಿಸಿದರೆ ಸರಿ. ಹುಬ್ಬಳ್ಳಿ ಸುಮಾರು 650 ಮೀಟರ್ ಎತ್ತರದಲ್ಲಿದೆ, ಅಲ್ಲಿ 93ರಿಂದ 94 ಬರುವುದೇ ಸರಿಯಾದ ಲೆಕ್ಕ. ಧಾರವಾಡ ಇನ್ನೂ ಎತ್ತರದಲ್ಲಿರುವುದರಿಂದ ನಿಮ್ಮ ಮನೆಯ ಮುಂದೆ ನೋಡಿದರೆ ಒಂದಂಕಿ ಮತ್ತೆ ಇಳಿದೀತು. ಹಳೆಯ ಸೆನ್ಸರ್ ಒಳ್ಳೆಯದೇ ಆಗಿತ್ತು, ಬಿಸಾಕಿರದಿದ್ದರೆ ಎತ್ತಿಟ್ಟುಕೊಳ್ಳಿ.

ಈಗ ಕೆಲವು ಅಂಕಿಗಳು ಬೇಕು. ಎಂಜಿನ್ ಪೂರ್ತಿ ಕಾಯುವವರೆಗೆ ಓಡಿಸಿ, ಎಸಿ ಬಂದ್ ಮಾಡಿ, ಮೊದಲು ಐಡಲ್‌ನಲ್ಲಿ, ಆಮೇಲೆ 2,500 ಆರ್‌ಪಿಎಂ ಹಿಡಿದು, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಎಂ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬ ಅಂಕಿ), ಮ್ಯಾಪ್, ಮುಂದಿನ ಮತ್ತು ಹಿಂದಿನ ಆಕ್ಸಿಜನ್ ಸೆನ್ಸರುಗಳ ವೋಲ್ಟೇಜ್ ಬರೆದುಕೊಳ್ಳಿ. ಪಿಯುಸಿ ಚೀಟಿಯಲ್ಲಿರುವ ಉಳಿದ ಅಂಕಿಗಳನ್ನೂ ಹಾಕಿ. ಅಲ್ಲಿಯವರೆಗೆ ಕೋಡ್ ಅಳಿಸಬೇಡಿ. ಅಳಿಸಿದರೆ ಕೋಡ್ ಬಂದ ಕ್ಷಣದ ಫ್ರೀಜ್ ಫ್ರೇಮ್ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ.

ಧಾರವಾಡದಿಂದ

ಬರೆದುಕೊಂಡೆ, ಸರ್. ಐಡಲ್‌ನಲ್ಲಿ: 750 ಆರ್‌ಪಿಎಂ, ಏರಿಳಿತವಿಲ್ಲ, ಮ್ಯಾಪ್ 33, ಶಾರ್ಟ್ ಟರ್ಮ್ +3, ಲಾಂಗ್ ಟರ್ಮ್ +21, ಮುಂದಿನ ಸೆನ್ಸರ್ 0.1ರಿಂದ 0.8 ವೋಲ್ಟಿನ ನಡುವೆ ಓಲಾಡುತ್ತದೆ, ಹಿಂದಿನದು 0.84ರಲ್ಲಿ ನಿಂತುಬಿಟ್ಟಿದೆ. 2,500ರಲ್ಲಿ: ಶಾರ್ಟ್ ಟರ್ಮ್ +1, ಲಾಂಗ್ ಟರ್ಮ್ +8, ಹಿಂದಿನ ಸೆನ್ಸರ್ 0.74. ಫ್ರೀಜ್ ಫ್ರೇಮ್‌ನಲ್ಲೂ ಕೋಡ್ ಬಂದದ್ದು ಐಡಲ್‌ನಲ್ಲೇ ಎಂದಿದೆ. ಪಿಯುಸಿ ಚೀಟಿಯಲ್ಲಿ ಐಡಲ್‌ನ ಹೈಡ್ರೋಕಾರ್ಬನ್ 160 ಪಿಪಿಎಂ, ಹೆಚ್ಚಿನ ರೇಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.28, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಂಕಿ, 1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.98.

ಹಾವೇರಿಯಿಂದ

ನಡುವೆ ಮಾತನಾಡುವುದಕ್ಕೆ ಕ್ಷಮೆಯಿರಲಿ. ಇದು ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಪರಿಣಾಮವಾಗಿರಬಹುದಲ್ಲವೇ? ನನ್ನ ಗಾಡಿಯಲ್ಲೂ ಎಥನಾಲ್ ಹೆಚ್ಚಾದ ಮೇಲೆ ಲಾಂಗ್ ಟರ್ಮ್ ಟ್ರಿಮ್ ಏರಿದ್ದನ್ನು ನೋಡಿದ್ದೇನೆ.

ಗದಗದಿಂದ

ನನಗೆ ಮಿಸ್‌ಫೈರ್ ಅನುಮಾನ. ಉರಿಯದೆ ಹೊರಬಿದ್ದ ಗಾಳಿಯಲ್ಲಿ ಆಮ್ಲಜನಕ ಹಾಗೇ ಉಳಿದಿರುವುದರಿಂದ ಸೆನ್ಸರ್ ಅದನ್ನು ‘ಪೆಟ್ರೋಲ್ ಕಡಿಮೆ’ ಎಂದೇ ಓದುತ್ತದೆ. ಇಗ್ನಿಷನ್ ಕಾಯಿಲ್‌ಗಳನ್ನು ಅದಲುಬದಲು ಮಾಡಿ ನೋಡಬೇಕಿತ್ತು. ನಮ್ಮ ಕಡೆ ಎರೆಮಣ್ಣಿನ ಧೂಳು ಫಿಲ್ಟರಿಗೆ ಮೆತ್ತಿಕೊಂಡು ಇಂಥ ತೊಂದರೆ ಬರುವುದೂ ಉಂಟು.

ಉತ್ತರ, ಹುಬ್ಬಳ್ಳಿಯಿಂದ

ಇಬ್ಬರೂ ಒಳ್ಳೆಯ ಪ್ರಶ್ನೆಗಳನ್ನೇ ಎತ್ತಿದ್ದೀರಿ. ಮೊದಲು ಅವೆರಡನ್ನೂ ಅಂಕಿಗಳ ಮುಂದೆ ಇಟ್ಟು ನೋಡೋಣ.

ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಆ ಲೆಕ್ಕದಲ್ಲಿ ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5 ಆಗುತ್ತದೆ. ಇ10ಕ್ಕೆ ಹೊಂದಿಸಿದ ಎಂಜಿನ್ನಿಗೆ ಇ20 ಹಾಕಿದರೆ ಟ್ರಿಮ್ ಶೇಕಡಾ 4ರಷ್ಟು ಏರುವುದು ಸಹಜವೇ. ಆದರೆ ಇಲ್ಲಿರುವುದು ಒಟ್ಟು 24. ಇಂಧನದಿಂದಲೇ ಬಂದ ವ್ಯತ್ಯಾಸವಾಗಿದ್ದರೆ ಅದು ಐಡಲ್‌ನಲ್ಲೂ 2,500ರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇರುತ್ತಿತ್ತು, ರೇಸ್ ಕೊಟ್ಟೊಡನೆ ಹೀಗೆ 9ಕ್ಕೆ ಇಳಿಯುತ್ತಿರಲಿಲ್ಲ. ಮಿಸ್‌ಫೈರ್ ಇದ್ದಿದ್ದರೆ ಹೈಡ್ರೋಕಾರ್ಬನ್ ಮೊದಲು ಏರಬೇಕಿತ್ತು. ಮಿತಿ 200 ಪಿಪಿಎಂ, ಇವರದು ಅದರ ಒಳಗೇ ಇದೆ. ಐಡಲ್ ನಡುಗುವುದಿಲ್ಲ, ಪಿ0300ರ ಸಾಲಿನ ಕೋಡೂ ಇಲ್ಲ. ಎರೆಮಣ್ಣಿನ ಧೂಳಿನ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ಆದರೆ ಫಿಲ್ಟರ್ ಕಟ್ಟಿದರೆ ಗಾಳಿಯೇ ಕಡಿಮೆಯಾಗುತ್ತದೆ, ಮ್ಯಾಪ್ ಆ ಕೊರತೆಯನ್ನು ಅಳೆದೇ ಇಸಿಎಂಗೆ ತಿಳಿಸುತ್ತದೆ. ಅದರಿಂದ ಪಿಕಪ್ ಹೋದೀತೇ ಹೊರತು ಐಡಲ್‌ನಲ್ಲಿ ಟ್ರಿಮ್ 24ಕ್ಕೆ ಏರದು. ಪೆಟ್ರೋಲ್ ಪಂಪ್ ಸೋತಿದ್ದರೆ ಭಾರ ಬಿದ್ದಷ್ಟೂ ಟ್ರಿಮ್ ಏರುತ್ತಿತ್ತು, ಇಲ್ಲಿ ಅದು ತಿರುಗುಮುರುಗಾಗಿದೆ.

ಉಳಿದದ್ದು ಎಲ್ಲಿಂದಲೋ ಒಳನುಗ್ಗುವ ಗಾಳಿ. ಇಲ್ಲಿ ಹೆಚ್ಚಿನವರು ಮಾಡುವ ಒಂದು ತಪ್ಪಿದೆ, ನಾನೂ ಹಿಂದೊಮ್ಮೆ ಅದನ್ನು ಮಾಡಿ ಎರಡು ದಿನ ಕಳೆದುಕೊಂಡಿದ್ದೇನೆ. ಗಾಳಿ ಸೋರಿಕೆ ಎಂದ ತಕ್ಷಣ ಎಲ್ಲರೂ ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ರಬ್ಬರ್ ಪೈಪುಗಳನ್ನು ಹುಡುಕುತ್ತಾರೆ. ಒಳಬರುವ ಗಾಳಿಯನ್ನು ಮಾಸ್ ಏರ್ ಫ್ಲೋ ಸೆನ್ಸರಿನಿಂದ ಅಳೆಯುವ ಎಂಜಿನ್ನಿನಲ್ಲಿ ಅದು ಸರಿ, ಏಕೆಂದರೆ ಆ ಸೆನ್ಸರಿನ ನಂತರ ಸೇರಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಇವರ ಗಾಡಿಯದು ಮ್ಯಾಪ್ ಸೆನ್ಸರ್. ಮ್ಯಾನಿಫೋಲ್ಡಿಗೆ ಎಲ್ಲಿಂದ ಗಾಳಿ ಸೇರಿದರೂ ಅಲ್ಲಿನ ಒತ್ತಡ ಏರುತ್ತದೆ, ಇಸಿಎಂ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಟ್ಟೇ ಕೊಡುತ್ತದೆ. ಹಾಗಾಗಿ ಇಂಥ ಎಂಜಿನ್ನಿನಲ್ಲಿ ಇಂಟೇಕ್ ಸೋರಿಕೆ ಮುಖ್ಯವಾಗಿ ಏರಿದ ಐಡಲ್ ಆಗಿ ಕಾಣಿಸಿಕೊಳ್ಳುತ್ತದೆ. ಇವರ ಐಡಲ್ 750ರಲ್ಲಿ ಅಲುಗದೆ ನಿಂತಿದೆ, ಮ್ಯಾಪ್ 33ರಲ್ಲಿದೆ. ಇಂಟೇಕ್ ಬದಿ ಬಹುಮಟ್ಟಿಗೆ ನಿರಪರಾಧಿ.

ಹಾಗಿದ್ದರೆ ಗಾಳಿ ನುಗ್ಗುತ್ತಿರುವುದು ಎಗ್ಸಾಸ್ಟ್ ಬದಿಯಲ್ಲಿ, ಅದೂ ಸಿಲಿಂಡರ್ ಹೆಡ್ ಮತ್ತು ಮುಂದಿನ ಆಕ್ಸಿಜನ್ ಸೆನ್ಸರಿನ ನಡುವೆ. ಹೊಗೆ ಹೊರಬರುವ ಕೊಳವೆಗೆ ಹೊರಗಿನ ಗಾಳಿ ಒಳಹೋಗುವುದು ಹೇಗೆ ಎಂದು ಕೇಳಬಹುದು. ಹೊಗೆ ಸಮವಾಗಿ ಹರಿಯುವುದಿಲ್ಲ, ಒಂದೊಂದು ವಾಲ್ವ್ ತೆರೆದಾಗಲೂ ಒಂದೊಂದು ಅಲೆಯಾಗಿ ಹೊರಡುತ್ತದೆ. ಐಡಲ್‌ನಲ್ಲಿ ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಕ್ಷಣಮಾತ್ರ ಕೆಳಗಿಳಿಯುತ್ತದೆ, ಆಗ ಬಿರುಕು ಎಲ್ಲಿದೆಯೋ ಅಲ್ಲಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ರೇಸ್ ಕೊಟ್ಟಾಗ ಅಲೆಗಳು ಒತ್ತೊತ್ತಾಗಿ ಹೊಗೆಯ ಪ್ರಮಾಣ ಹೆಚ್ಚುವುದರಿಂದ ಈ ಕಳ್ಳಗಾಳಿಯ ಪಾಲು ಕುಗ್ಗುತ್ತದೆ. ಟ್ರಿಮ್ 24ರಿಂದ 9ಕ್ಕೆ ಇಳಿದದ್ದು ಇದೇ ಕಾರಣಕ್ಕೆ.

ಒಳಬಂದ ಗಾಳಿ ಹೊಗೆಯೊಂದಿಗೆ ಪೂರ್ತಿ ಬೆರೆಯುವ ಮೊದಲೇ ಸೆನ್ಸರಿನ ತುದಿಗೆ ತಾಗುತ್ತದೆ. ಸೆನ್ಸರಿಗೆ ಗೊತ್ತಿರುವುದು ಆಮ್ಲಜನಕ ಮಾತ್ರ, ಪೆಟ್ರೋಲಿನ ಪರಿಚಯ ಅದಕ್ಕಿಲ್ಲ. ಅದು ತಾನು ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳುತ್ತದೆ, ಇಸಿಎಂ ಅದನ್ನು ನಂಬಿ ಇಂಜೆಕ್ಟರ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಸಿಲಿಂಡರಿನೊಳಗೆ ನಿಜಕ್ಕೂ ಪೆಟ್ರೋಲ್ ಹೆಚ್ಚಾಗುತ್ತದೆ. ಕನ್ವರ್ಟರಿನ ಆಚೆ ಕುಳಿತ ಹಿಂದಿನ ಸೆನ್ಸರ್ 0.84 ವೋಲ್ಟಿನಲ್ಲಿ ನಿಂತು ಇದನ್ನೇ ಸಾರುತ್ತಿದೆ: ಇಲ್ಲಿ ಆಮ್ಲಜನಕ ಉಳಿದಿಲ್ಲ. ಕಾರ್ಬನ್ ಮೊನಾಕ್ಸೈಡನ್ನು ಸುಡಲು ಕನ್ವರ್ಟರಿಗೂ ಆಮ್ಲಜನಕವೇ ಬೇಕು, ಅದಿಲ್ಲದೆ ಎಷ್ಟೇ ಹೊಸ ಕನ್ವರ್ಟರ್ ಹಾಕಿದರೂ ಪಿಯುಸಿ ಯಂತ್ರದಲ್ಲಿ ಮಿತಿ 0.3 ಇರುವಲ್ಲಿ 0.71 ಬಂದೇ ಬರುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಇದು: ಹೊಗೆ ಯಂತ್ರ ನಿಜ ಹೇಳಿದೆ, ಇಸಿಎಂ ಮೋಸಹೋಗಿದೆ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ರಾತ್ರಿಯಿಡೀ ತಣ್ಣಗಾದ ಗಾಡಿಯ ಬಾನೆಟ್ ತೆರೆದು ಬೆಳಿಗ್ಗೆ ಮೊದಲ ಸೆಲ್ಫ್ ಹೊಡೆದ ಕೂಡಲೇ ಸಿಲಿಂಡರುಗಳ ಹೊಗೆಯನ್ನು ಕೂಡಿಸುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ಕಿವಿಗೊಡಿ. ಟಿಕ್ ಟಿಕ್ ಸದ್ದು ಬಂದು, ಲೋಹ ಕಾದು ಹಿಗ್ಗಿದ ಮೇಲೆ ಅದು ಅಡಗಿದರೆ ಅನುಮಾನ ಗಟ್ಟಿಯಾಯಿತು. ಮರುದಿನ ಎಂಜಿನ್ ತಣ್ಣಗಿರುವಾಗ, ಶುರು ಮಾಡದೆ, ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯನ್ನು ಸೈಲೆನ್ಸರಿನ ತುದಿಗೆ ಬಟ್ಟೆ ಸುತ್ತಿ ಕೂರಿಸಿ, ಮ್ಯಾನಿಫೋಲ್ಡಿನ ಸಂದುಗಳಿಗೆ ಸಾಬೂನು ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ. ಮೇಲಿನ ಹೀಟ್ ಶೀಲ್ಡ್ ಬಿಚ್ಚದಿದ್ದರೆ ಏನೂ ಕಾಣದು. ಎಂಜಿನ್ ಓಡಿಸುವ ಯಾವ ಪರೀಕ್ಷೆಯನ್ನೂ ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಈ ಸೋರಿಕೆಯ ಹೊಗೆ ಎಸಿ ದಾರಿಯಿಂದ ಗಾಡಿಯೊಳಗೂ ಬರಬಹುದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಧಾರವಾಡದಿಂದ

ಸರ್, ಟಿಕ್ ಟಿಕ್ ಸದ್ದು ಸ್ಪಷ್ಟವಾಗಿ ಕೇಳಿಸಿತು. ಇಷ್ಟು ದಿನ ಅದನ್ನು ಟ್ಯಾಪೆಟ್ ಸದ್ದು ಎಂದುಕೊಂಡಿದ್ದೆ. ಐದು ನಿಮಿಷದಲ್ಲಿ ಅಡಗಿತು. ಹೀಟ್ ಶೀಲ್ಡ್ ತೆಗೆದು ನೋಡಿದರೆ ನಾಲ್ಕನೇ ಸಿಲಿಂಡರಿನ ಬದಿಯಲ್ಲಿ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿದಿಡುವ ಕೆಳಗಿನ ಸ್ಟಡ್ ತುಂಡಾಗಿದೆ, ನಟ್ಟು ಎಲ್ಲಿ ಬಿತ್ತೋ ತಿಳಿಯದು. ಪ್ಯಾಕಿಂಗಿನ ಅಂಚಿನಿಂದ ಹೆಡ್ಡಿನ ಮೇಲೆ ಬೀಸಣಿಗೆಯಂತೆ ಮಸಿ ಹರಡಿದೆ. ಸಾಬೂನು ನೀರು ಹಾಕಿದ್ದೇ ತಡ, ಅಲ್ಲೇ ಗುಳ್ಳೆಗಳು ಎದ್ದವು. ಗ್ಯಾರೇಜಿನವರು ಈಗ ಸಿಲಿಕಾನ್ ಪೇಸ್ಟ್ ಬಳಿದು ಉಳಿದ ನಟ್ಟುಗಳನ್ನು ಬಿಗಿದರೆ ಸಾಕು ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ, ಹುಬ್ಬಳ್ಳಿಯಿಂದ

ಒಪ್ಪಬೇಡಿ. ಸಾಮಾನ್ಯ ಸಿಲಿಕಾನ್ ಪೇಸ್ಟ್ ಆ ಶಾಖಕ್ಕೆ ನಿಲ್ಲುವುದಿಲ್ಲ, ಮೇಲಾಗಿ ಅದರ ಆವಿ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆ. ಹೊಸದಾಗಿ ಹಾಕಿಸಿದ ಸೆನ್ಸರನ್ನು ನೀವೇ ಕೊಂದಂತಾಗುತ್ತದೆ. ತುಂಡಾದ ಸ್ಟಡ್ಡಿನ ತುದಿ ಹೊರಗೆ ಉಳಿದಿದ್ದರೆ ಅದರ ಮೇಲೊಂದು ನಟ್ಟು ವೆಲ್ಡ್ ಮಾಡಿ ತಿರುಗಿಸಿ ತೆಗೆಯಬಹುದು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸುವುದನ್ನು ಮರೆಯಬಾರದು. ಒಳಗೇ ಮುರಿದಿದ್ದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕೈಯಿಂದ ಡ್ರಿಲ್ ಮಾಡಲು ಹೊರಡುವವರಿಗೆ ಗಾಡಿ ಕೊಡಬೇಡಿ. ಗೋಕುಲ ರಸ್ತೆಯ ಕಡೆ ಎಂಜಿನ್ ಹೆಡ್ ಕೆಲಸದ ಲೇತ್ ಅಂಗಡಿಗಳಲ್ಲಿ ವಿಚಾರಿಸಿ. ಹೊಸ ಪ್ಯಾಕಿಂಗ್, ಎಲ್ಲ ನಟ್ಟುಗಳೂ ಹೊಸವು, ನಡುವಿನಿಂದ ಎರಡೂ ತುದಿಗಳ ಕಡೆಗೆ ಹಂತಹಂತವಾಗಿ ಟಾರ್ಕ್ ರೆಂಚಿನಲ್ಲಿ ಬಿಗಿತ. ಮ್ಯಾನಿಫೋಲ್ಡಿನ ಮುಖ ಬಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಿಸಿ. ಬಾಗಿದ್ದರೆ ಹೊಸ ಸ್ಟಡ್ಡೂ ಹೆಚ್ಚು ದಿನ ಉಳಿಯದು. ಕೋಡ್ ಅಳಿಸುವುದು ಇದೆಲ್ಲ ಆದ ಮೇಲೆ.

ಧಾರವಾಡದಿಂದ, ಹನ್ನೆರಡು ದಿನಗಳ ನಂತರ

ತಡವಾಗಿ ಬರೆಯುತ್ತಿದ್ದೇನೆ. ಸ್ಟಡ್ಡಿನ ತುದಿ ಎರಡು ನೂಲಿನಷ್ಟು ಹೊರಗಿತ್ತು, ವೆಲ್ಡ್ ಮಾಡಿದ ಮೂರನೆಯ ನಟ್ಟಿಗೆ ತಿರುಗಿ ಬಂತು. ಮ್ಯಾನಿಫೋಲ್ಡಿನ ಮುಖ ಅತ್ಯಲ್ಪ ಬಾಗಿದ್ದರಿಂದ ಅದನ್ನು ಸಾಣೆ ಹಿಡಿಸಿ ಸಮ ಮಾಡಿಸಿದೆವು. ಎಲ್ಲ ಸೇರಿ 4,300 ರೂಪಾಯಿ ಆಯಿತು. ಈಗ ಲಾಂಗ್ ಟರ್ಮ್ ಟ್ರಿಮ್ ಐಡಲ್‌ನಲ್ಲಿ +4, 2,500ರಲ್ಲಿ +3. ಹಾವೇರಿಯವರು ಹೇಳಿದ ಇ20ರ ಪಾಲು ಬಹುಶಃ ಇದೇ ಇರಬೇಕು. ಹಿಂದಿನ ಸೆನ್ಸರ್ 0.68ರ ಸುತ್ತ ಇದೆ. ಪಿಯುಸಿಯಲ್ಲಿ ಕಾರ್ಬನ್ ಮೊನಾಕ್ಸೈಡ್ 0.02, ಹೈಡ್ರೋಕಾರ್ಬನ್ 18, ಲ್ಯಾಂಬ್ಡಾ 1.00, ಒಂದು ವರ್ಷದ ಪ್ರಮಾಣಪತ್ರ ಕೈಗೆ ಬಂತು. ನಿನ್ನೆ ಗದಗಿಗೆ ಹೋಗಿಬಂದಾಗ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ, ಲೀಟರಿಗೆ 16.8 ಕೊಟ್ಟಿದೆ. ಹಳೆಯ ಮ್ಯಾಪ್ ಸೆನ್ಸರನ್ನು ಗ್ಯಾರೇಜಿನ ಡಬ್ಬಿಯಲ್ಲಿ ಹುಡುಕಿ ತಂದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ.