ಪದಚರ್ಚೆ: ಮೋಡೆಮ್ಮಿನ 'ಫ್ಲೋ ಕಂಟ್ರೋಲ್', 'ಬಫರ್' (ತುರ್ತು)

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಲೇಜಿನ ಪ್ರದರ್ಶನದಲ್ಲಿ ಹಳೇ ಡಯಲಪ್ ಮೋಡೆಮ್ (ಫೋನ್ ಲೈನಿನ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆ) ಒಂದನ್ನು ಇಡುತ್ತಿದ್ದೇವೆ. ಪಕ್ಕದ ಫಲಕದ ಕನ್ನಡ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ಸಂದರ್ಭ ಇದು: ಕಂಪ್ಯೂಟರಿನಿಂದ ಸೀರಿಯಲ್ ಕೇಬಲ್ಲಿನಲ್ಲಿ ಸೆಕೆಂಡಿಗೆ 1,15,200 ಬಿಟ್ ಬರುತ್ತದೆ. ಫೋನ್ ಲೈನಿನ ಮೇಲೆ ಈ ಮೋಡೆಮ್ ಕಳಿಸಬಲ್ಲದ್ದು ಹೆಚ್ಚೆಂದರೆ 33,600. ಮಿಕ್ಕಿದ್ದು ಮೋಡೆಮ್ಮಿನ ಮೆಮೊರಿಯಲ್ಲಿ ಕಾಯುತ್ತದೆ. ಅದು ತುಂಬುತ್ತ ಬಂದಾಗ ಮೋಡೆಮ್ 'ಸಿಟಿಎಸ್' ತಂತಿಯ ('ಕಳಿಸಬಹುದು' ಎಂದು ಹೇಳುವ ತಂತಿ) ಸಂಕೇತವನ್ನು ಇಳಿಸುತ್ತದೆ, ಕಂಪ್ಯೂಟರ್ ಕಳಿಸುವುದನ್ನು ನಿಲ್ಲಿಸುತ್ತದೆ. ಜಾಗವಾದರೆ ಮತ್ತೆ ಏರಿಸುತ್ತದೆ. ಹೀಗೆ ತಡೆದು ಬಿಡುವ 'ಫ್ಲೋ ಕಂಟ್ರೋಲ್'ಗೆ 'ಹರಿವು ನಿಯಂತ್ರಣ', ಕಾಯಿಸುವ ಮೆಮೊರಿಯಾದ 'ಬಫರ್'ಗೆ 'ತಾತ್ಕಾಲಿಕ ಸಂಗ್ರಹ' ಎಂದು ಬರೆದಿಟ್ಟಿದ್ದೇನೆ. ಎರಡೂ ಸಪ್ಪೆ. ಬೇರೆ ಏನಾದರೂ ಹೊಳೆದರೆ ತಿಳಿಸಿ.
– ವಿ.

ಉತ್ತರ:
'ಹರಿವು ನಿಯಂತ್ರಣ' ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ್ದು. ಬೇಡ.

ಕೆರೆ ಕಟ್ಟಿದ ಜನ ನಾವು. ಹರಿಯುವುದನ್ನು ಹಿಡಿದಿಡುವುದಕ್ಕೆ 'ತೂಬು' ಇದೆ. ತಮಿಳಿನ ತೂಂಬು, ತೆಲುಗಿನ ತೂಮು ಇದರ ಒಡಹುಟ್ಟು. ಫ್ಲೋ ಕಂಟ್ರೋಲ್ 'ತೂಬುಹಿಡಿತ', ಬಫರ್ 'ಕಿರುಗೆರೆ', ತುಂಬಿ ಚೆಲ್ಲಿದರೆ 'ಕೋಡಿ'. ಮೂರಕ್ಕೂ ಎರವಲು ಬೇಕಿಲ್ಲ.
– ಕೆ.

ಉತ್ತರ:
ಕೆ. ಅವರೇ, 'ಕಿರುಗೆರೆ' ಎಂದರೆ ನೋಡಲು ಬಂದ ಮಕ್ಕಳು ಸಣ್ಣ ಗೀಟು ಅಂದುಕೊಳ್ಳುತ್ತಾರೆ. ಇನ್ನು, ಅರಿಸಮಾಸ ಬೇಡವೆಂದರೆ ಮಳೆಗಾಲವನ್ನು ಏನು ಮಾಡೋಣ?

ತೂಬೂ ಹೊಂದುವುದಿಲ್ಲ. ತೂಬು ಕೆರೆಯಿಂದ ಹೊರಗೆ ಬಿಡುವ ನೀರಿಗೆ. ಇಲ್ಲಿ ತಡೆಯುವುದು ಒಳಗೆ ಬರುವುದನ್ನು, 'ಸಾಕು' ಅನ್ನುವವನೂ ತುಂಬಿಸಿಕೊಳ್ಳುವವನೇ. ಕೋಡಿಯಂತೂ ತಪ್ಪೇ ತಪ್ಪು. ಕೋಡಿ ಬಿದ್ದ ನೀರು ಕೆಳಗಿನ ಕೆರೆಗಾದರೂ ಸೇರುತ್ತದೆ, ಇಲ್ಲಿ ಚೆಲ್ಲಿದ್ದು ಕಳೆದೇ ಹೋಗುತ್ತದೆ. ಮೋಡೆಮ್ಮಿನಿಂದ ಬರುವ ದತ್ತಾಂಶವನ್ನು ಕಂಪ್ಯೂಟರಿನ ಕಡೆ ಹಿಡಿಯುವ ಹಳೇ ಸೀರಿಯಲ್ ಚಿಪ್ಪು 8250, 16450ಗಳಲ್ಲಿ ಬಂದ ಬೈಟು ಕಾಯಲು ಒಂದೇ ಜಾಗ. 1,15,200ರ ವೇಗದಲ್ಲಿ ಸುಮಾರು 87 ಮೈಕ್ರೊಸೆಕೆಂಡಿಗೊಂದು ಬೈಟು. ಅಷ್ಟರೊಳಗೆ ಪ್ರೊಸೆಸರ್ ಎತ್ತಿಕೊಳ್ಳದಿದ್ದರೆ ಹೊಸದು ಹಳೆಯದರ ಮೇಲೆ ಕೂರುತ್ತದೆ, ಹಳೆಯದು ಹೋಯಿತು ಅಂತಲೇ. 16550ಎ ಚಿಪ್ಪಿನಲ್ಲಿ 16 ಬೈಟಿನ ಸಾಲು ಸಿಕ್ಕಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ವಿ. ಅವರೇ, ಕೇಬಲ್ಲಿನ ವೇಗ ಬೇಕೆಂದೇ ಹೆಚ್ಚಿಟ್ಟದ್ದು ಎಂದು ಫಲಕದಲ್ಲಿ ಹೇಳಿ. ಮೋಡೆಮ್ಮಿನ ವಿ.42ಬಿಸ್ ಎಂಬ ಕುಗ್ಗಿಸುವ ಕ್ರಮ ದತ್ತಾಂಶವನ್ನು ನಾಲ್ಕು ಪಟ್ಟಿನವರೆಗೂ ಕುಗ್ಗಿಸಬಲ್ಲದು, ಹಾಗೆ ಕುಗ್ಗಿದಾಗ ಲೈನು ಖಾಲಿ ಕೂರಬಾರದು. ಸಿಟಿಎಸ್ ತಂತಿಯಿಲ್ಲದೆ, ದತ್ತಾಂಶದ ಜೊತೆ ಕಳಿಸುವ ಅಕ್ಷರದಲ್ಲೇ 'ನಿಲ್ಲು', 'ಹೊರಡು' ಹೇಳುವ ಕ್ರಮವೂ ಇತ್ತು, ಸಂಕೇತ 19 ಮತ್ತು 17. ಕಡತದೊಳಗೇ 19 ಇದ್ದರೆ ಅದನ್ನು ಆಜ್ಞೆ ಅಂದುಕೊಂಡು ಸಾಗಣೆ ಅಲ್ಲೇ ನಿಂತುಬಿಡುತ್ತಿತ್ತು.
– ಎನ್.

ಉತ್ತರ:
ಮಳೆಗಾಲದಲ್ಲಿ ಕಕಾರ ಗಕಾರವಾಗಿದೆ, ಕನ್ನಡದ ಮೈಗೆ ಹತ್ತಿದ ಮಾತು ಅದು. 'ಹರಿವು ನಿಯಂತ್ರಣ' ಪಕ್ಕಪಕ್ಕ ನಿಲ್ಲಿಸಿದ ಎರಡು ಪದ, ಕಚೇರಿ ಸುತ್ತೋಲೆಯ ಕನ್ನಡ. ಚಿಪ್ಪಿನ ನಂಬರು ನಾನು ಕೇಳಲಿಲ್ಲ.
– ಕೆ.

ಉತ್ತರ:
ಕಚೇರಿಯನ್ನು ಬೈಯುವುದಕ್ಕೂ ಎರವಲು ಪದ ಬೇಕಾಯಿತು, ನೋಡಿ! ಅರ್ಜಿ, ಜಮೀನು, ವಕೀಲ ಇಲ್ಲದೆ ಒಂದು ಪಹಣಿ ತೆಗೆಸಲಾದೀತೆ? ಬಫರ್ ಹಾಗೇ ಇರಲಿ. ವಿಡಿಯೊ ನಿಂತರೆ ನಮ್ಮೂರ ಹುಡುಗರೂ 'ಬಫರ್ ಆಗ್ತಿದೆ' ಅನ್ನುತ್ತಾರೆ.
– ಸ.

ಉತ್ತರ:
ಪದ ಇರಲಿ, ಆದರೆ ಆ ಬಳಕೆ ತಿರುಗುಮುರುಗು. ವಿಡಿಯೊ ನಿಲ್ಲುವುದು ಬಫರ್ ಖಾಲಿಯಾದಾಗ. ಮೋಡೆಮ್ಮಿಗೆ ಕಷ್ಟ ಬರುವುದು ತುಂಬಿದಾಗ. 'ಬಫರ್ ತುಂಬುತ್ತ ಬಂದಾಗ' ಎಂದು ಬಿಡಿಸಿ ಬರೆಯಿರಿ.
– ಎನ್.

ಉತ್ತರ:
ಎಲ್ಲರಿಗೂ ಧನ್ಯವಾದ. 'ಬಫರ್' ಉಳಿಸಿಕೊಂಡೆ. ಇನ್ನೊಂದಕ್ಕೆ 'ಹರಿವಿನ ಹತೋಟಿ'. ವಿಭಕ್ತಿ ಹಾಕಿದ್ದರಿಂದ ಸಮಾಸದ ಜಗಳವೂ ಇಲ್ಲ.
– ವಿ.

ಉತ್ತರ:
'ಹತೋಟಿ' ಕೇಳಿದರೆ ಮರಾಠಿಯ 'ಹಾತೋಟಿ' ನೆನಪಾಗುತ್ತದೆ. ಕೆ. ಅವರು ಒಪ್ಪಿಯಾರೇ?
– ಸ.

ಉತ್ತರ:
ಒಪ್ಪುವುದಿಲ್ಲ. 'ಹಿಡಿತ' ಎನ್ನಿ.
– ಕೆ.

ಉತ್ತರ:
ಫಲಕ ಪ್ರಿಂಟಿಗೆ ಹೋಯಿತು.
– ವಿ.